ಸ್ಯಾಂಡಿಂಗ್ ಡಿಸ್ಕ್: ಇತಿಹಾಸ ಮತ್ತು ಬಳಕೆ

ಮರದ ಮೈಯನ್ನು ಪಾಲಿಶ್‌ಗೆ ಅಣಿಗೊಳಿಸಲು ಯಂತ್ರಕ್ಕೆ ಅಂಟಿಸಿ ತಿರುಗಿಸುವ ಉಜ್ಜುಕಾಗದದ ಬಿಲ್ಲೆಯೇ ಸ್ಯಾಂಡಿಂಗ್ ಡಿಸ್ಕ್. ಇದು ಮರವನ್ನು ಗೀರುತ್ತದೆ. ದಪ್ಪ ಗೀರನ್ನು ಸಣ್ಣ ಗೀರು ಅಳಿಸುತ್ತ ಹೋಗಿ, ಕೊನೆಗೆ ಕಣ್ಣಿಗೂ ಬೆರಳಿಗೂ ಸಿಗದಂತಾದಾಗ ಅದನ್ನು ನುಣುಪು ಎನ್ನುತ್ತೇವೆ. ಗೀರನ್ನು ಹದ್ದುಬಸ್ತಿನಲ್ಲಿಡಲು ಕುಶಲಕರ್ಮಿಗಳು ಪಟ್ಟ ಪಾಡೇ ಈ ಬಿಲ್ಲೆಯ ಇತಿಹಾಸ.

ಕಾಗದಕ್ಕೂ ಮೊದಲು ಎಲೆ, ಚರ್ಮಗಳಿದ್ದವು. ನಮ್ಮ ಕಾಡುಗಳ ಗರಗತ್ತಿ ಮರದ ಒರಟು ಎಲೆಯಿಂದ ಮರ, ದಂತಗಳನ್ನು ತಿಕ್ಕುತ್ತಿದ್ದರು. ಬೇರೆ ನಾಡುಗಳಲ್ಲಿ ಶಾರ್ಕ್ ಮೀನಿನ ಚರ್ಮ ಈ ಕೆಲಸ ಮಾಡುತ್ತಿತ್ತು. 13ನೇ ಶತಮಾನದ ಚೀನಾದಲ್ಲಿ ಪುಡಿ ಮಾಡಿದ ಚಿಪ್ಪು, ಬೀಜ, ಮರಳನ್ನು ಗೋಂದಿನಿಂದ ಚರ್ಮಪಟಕ್ಕೆ ಅಂಟಿಸುತ್ತಿದ್ದರು. 1833ರಲ್ಲಿ ಲಂಡನ್ನಿನ ಜಾನ್ ಓಕಿ ಗಾಜಿನ ಪುಡಿಯ ಕಾಗದ ತಯಾರಿಸಿದ. ಮರುವರ್ಷ ಅಮೆರಿಕದ ಐಸಾಕ್ ಫಿಷರ್ ಉಜ್ಜುಕಾಗದ ತಯಾರಿಕೆಗೆ ಪೇಟೆಂಟ್ ಪಡೆದ.

ಉಜ್ಜುವ ಹರಳು ಕಾಗದವನ್ನು ಬಿಡದೆ ಹಿಡಿದಿರಬೇಕು ಎಂಬುದೇ ಮುಂದಿನ ಶತಮಾನದ ತಲೆನೋವು. ಅಮೆರಿಕದ ಮಿನ್ನೆಸೋಟಾದಲ್ಲಿ 1902ರಲ್ಲಿ ಹುಟ್ಟಿದ 3ಎಂ ಕಂಪನಿಗೆ 1914ರಲ್ಲಿ ಗ್ರಾಹಕರಿಂದ ದೂರು ಬರತೊಡಗಿತು: ಉಜ್ಜಿದರೆ ಹರಳೆಲ್ಲ ಉದುರುತ್ತಿದೆ. ಯಾರೋ ಒಬ್ಬರು ಹರಳನ್ನು ನೀರಿಗೆ ಹಾಕಿದಾಗ ಮೇಲೆ ಎಣ್ಣೆ ತೇಲಿತು. ಸ್ಪೇನಿನಿಂದ ಬಂದ ಗಾರ್ನೆಟ್ ಹರಳಿನ ಚೀಲಗಳು ಹಡಗಿನಲ್ಲಿ ಆಲಿವ್ ಎಣ್ಣೆಯ ಪೀಪಾಯಿಗಳ ಜೊತೆಗಿದ್ದವು. ಬಿರುಗಾಳಿಯಲ್ಲಿ ಚೆಲ್ಲಿದ ಎಣ್ಣೆ ಹರಳಿಗೆ ಹತ್ತಿ, ಅಂಟು ಹಿಡಿಯದಂತೆ ಮಾಡಿತ್ತು. ಹರಳನ್ನು ಹುರಿದು ಎಣ್ಣೆ ತೆಗೆದರು. 1921ರಲ್ಲಿ ಇದೇ ಕಂಪನಿ, ಫ್ರಾನ್ಸಿಸ್ ಓಕಿ ರೂಪಿಸಿದ, ನೀರಲ್ಲಿ ನೆನೆದರೂ ಕೆಡದ ಕಾಗದವನ್ನು ಮಾರುಕಟ್ಟೆಗೆ ತಂದಿತು. ಉಜ್ಜುವ ಹರಳೂ ಗಣಿಯಿಂದ ಕುಲುಮೆಗೆ ಬಂದಿತ್ತು: 1891ರಲ್ಲಿ ಎಡ್ವರ್ಡ್ ಅಚೆಸನ್ ಸಿಲಿಕಾನ್ ಕಾರ್ಬೈಡ್ ಕಂಡುಕೊಂಡಿದ್ದ. ಇಂದು ಮರಕ್ಕೆ ಹೆಚ್ಚಾಗಿ ಬಳಸುವುದು ಅಲ್ಯೂಮಿನಿಯಂ ಆಕ್ಸೈಡ್. ಭಾರತದಲ್ಲಿ ಉಜ್ಜುಸಾಮಗ್ರಿ ತಯಾರಿಸುವ ಕಾರ್ಬೊರಂಡಂ ಯೂನಿವರ್ಸಲ್ ಕಂಪನಿ 1954ರಲ್ಲಿ ಮದರಾಸಿನಲ್ಲಿ ಶುರುವಾಯಿತು.

ಕೈ ಹೋಗಿ ಯಂತ್ರ ಬಂದಾಗ ಹೊಸ ತೊಂದರೆ ಎದುರಾಯಿತು. ಸುಮ್ಮನೆ ಗಿರ್ರೆಂದು ತಿರುಗುವ ಬಿಲ್ಲೆ ಮರದ ಎಳೆಗೆ ಅಡ್ಡವಾಗಿ ಬಳೆಯಂಥ ಗೀರು ಬಿಡುತ್ತದೆ. ರ‍್ಯಾಂಡಮ್ ಆರ್ಬಿಟ್ ಯಂತ್ರದಲ್ಲಿ ಬಿಲ್ಲೆ ತಾನೂ ತಿರುಗುತ್ತದೆ, ಅದರ ನಡುವೂ ಕೆಲವೇ ಮಿಲಿಮೀಟರ್ ಅಗಲದ ಸುತ್ತು ಹಾಕುತ್ತದೆ. ಹೀಗಾಗಿ ಒಂದು ಹರಳು ಹೋದ ದಾರಿಯಲ್ಲೇ ಅದು ಮತ್ತೆ ಮತ್ತೆ ಹೋಗುವುದಿಲ್ಲ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್, ಬಟ್ಟೆಗೆ ಅಂಟುವ ಮುಳ್ಳುಕಾಯಿ ನೋಡಿ ರೂಪಿಸಿದ ವೆಲ್ಕ್ರೋ ಬಿಲ್ಲೆಯ ಬೆನ್ನಿಗೂ ಬಂತು. ಪೇಪರ್ ಬದಲಿಸುವುದು ಕ್ಷಣದ ಕೆಲಸವಾಯಿತು. ನನ್ನ ಎಣಿಕೆಯಲ್ಲಿ ಒಳ್ಳೆಯ ಫಿನಿಶಿಂಗ್‌ಗೆ ಅತಿ ದೊಡ್ಡ ಉಪಕಾರ ಇದೇ. ಬದಲಿಸುವುದು ಕಷ್ಟವಾದರೆ ಕೈ ನಡುವಿನ ಪೇಪರ್ ನಂಬರುಗಳನ್ನು ಹಾರಿಸಿಬಿಡುತ್ತದೆ.

ಪೇಪರಿನ ನಂಬರ್ ಹೆಚ್ಚಿದಷ್ಟೂ ಹರಳು ಸಣ್ಣದು. ಯುರೋಪಿನ ಪಿ ಶ್ರೇಣಿಯಲ್ಲಿ 80ರ ಹರಳು ಸರಾಸರಿ 201 ಮೈಕ್ರಾನ್, 120ರದ್ದು 125, 180ರದ್ದು 82. ಕೀಸುಳಿ ಹಾಕಿದ ತೇಗಕ್ಕೆ 80, 120, 180 ಸಾಮಾನ್ಯ ಕ್ರಮ. ಒಂದು ನಂಬರ್ ಮುಗಿಸಿ ಧೂಳು ಒರೆಸದೆ ಮುಂದಿನದನ್ನು ಹಚ್ಚಿದರೆ, ಉಳಿದ ಒಂದೇ ಒಂದು 80ರ ಹರಳು 180ರ ಬಿಲ್ಲೆಯಡಿ ಸಿಕ್ಕಿ ಹಂದಿಬಾಲದಂಥ ಸುರುಳಿ ಗೀರು ಎಳೆಯುತ್ತದೆ. ಒಣ ಮರದಲ್ಲಿ ಅದು ಕಾಣುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಯಂತ್ರವನ್ನು ಒತ್ತಬಾರದು, ಅದರ ತೂಕವೇ ಸಾಕು. ಒತ್ತಿದರೆ ಬಿಲ್ಲೆಯ ತಿರುಗಾಟ ನಿಂತು ಗೀರು ಆಳವಾಗುತ್ತದೆ. ತೇಗದ ಎಣ್ಣೆಗೆ ಪೇಪರ್ ಬೇಗ ಕಟ್ಟಿಕೊಳ್ಳುವುದರಿಂದ ಹರಳು ವಿರಳವಾಗಿರುವ, ಸ್ಟಿಯರೇಟ್ ಲೇಪದ ಬಿಲ್ಲೆ ಒಳ್ಳೆಯದು.

ಬಿಲ್ಲೆಯ ತೂತುಗಳು ಧೂಳನ್ನು ಹೀರಲು ಇವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಮುಖಗವಸಿಲ್ಲದೆ, ಹೀರುವ ವ್ಯವಸ್ಥೆಯಿಲ್ಲದೆ ದಿನವಿಡೀ ಉಜ್ಜುವ ಬಡಗಿಗಳನ್ನು ನಮ್ಮ ಊರುಗಳಲ್ಲಿ ಇನ್ನೂ ಕಾಣುತ್ತೇವೆ; ಇದು ನಿಲ್ಲಬೇಕು.

ಎಲ್ಲ ಕೆಲಸಕ್ಕೂ ಬಿಲ್ಲೆ ಒಗ್ಗುವುದಿಲ್ಲ. ಮೈಸೂರಿನ ಇನ್‌ಲೇಯಲ್ಲಿರುವಂತೆ ಗಟ್ಟಿ ಬೀಟೆಯ ಪಕ್ಕ ಮೆದು ಮರದ ತುಣುಕು ಕೂತಿದ್ದರೆ, ಮೆತ್ತನೆ ತಳದ ಬಿಲ್ಲೆ ಮೆದು ಮರವನ್ನೇ ಹೆಚ್ಚು ತಿಂದು ಹಳ್ಳ ಮಾಡುತ್ತದೆ. ಬೀಟೆಯ ಕಪ್ಪು ಧೂಳೂ ಬಿಳಿ ಮರದ ರಂಧ್ರಗಳಿಗೆ ಹೊಕ್ಕು ಕೂರುತ್ತದೆ. ಅಲ್ಲಿ ಚಪ್ಪಟೆ ಮರದ ತುಂಡಿಗೆ ಸುತ್ತಿದ ಪೇಪರ್ ಹಿಡಿದು, ಎಳೆಯ ಉದ್ದಕ್ಕೆ, ಆಗಾಗ ಧೂಳು ಕೊಡವುತ್ತ ಕೈಯಲ್ಲೇ ಉಜ್ಜಬೇಕು.