ಹೆರಿಗೆ ವಹಿಯಲ್ಲಿ ಸಿಗದ ಕೆಂಪು ಗಂಟು

ಖಾನಾಪುರ ಸೀಮೆಯ ಕೂಸುಗಳಲ್ಲಿ ಹೆಮಾಂಜಿಯೋಮಾ, ಅಂದರೆ ರಕ್ತನಾಳದ ಕೆಂಪು ಗಂಟು, ಎಷ್ಟು ಕಂಡಿದೆ ಎಂದು ಹುಡುಕಹೊರಟರೆ ಮೊದಲು ಕೈ ಹೋಗುವುದು ಹೆರಿಗೆ ವಹಿಗೆ. ಅಲ್ಲಿ ಅದು ಸಿಗುವುದು ಕಷ್ಟ. ಹುಟ್ಟಿದ ದಿನ ಚರ್ಮ ಬಹುಮಟ್ಟಿಗೆ ಚೊಕ್ಕ. ಒಂದೆರಡು ವಾರವಾದ ಮೇಲೆ ಚುಕ್ಕೆ ಏಳುತ್ತದೆ, ಆಮೇಲೆ ಉಬ್ಬುತ್ತದೆ. ಬೆಳಗಾವಿಯ ಪೆಥಾಲಜಿ ವಹಿಗೆ ಬಂದರೂ ಅಷ್ಟೇ. ವೈದ್ಯರು ಕಣ್ಣಲ್ಲೇ ಗುರುತಿಸುವ ಗಂಟನ್ನು ಕೊಯ್ದು ಪರೀಕ್ಷೆಗೆ ಕಳಿಸುವುದು ಅಪರೂಪ. ಹಳೆಯ ಪುಟಗಳಲ್ಲಿ ಆ ಹೆಸರು ಕಂಡರೂ ನೆಚ್ಚುವಂತಿಲ್ಲ: ಬೆಳೆದು ಕರಗುವ ಗಂಟು ಬೇರೆ, ಹುಟ್ಟಿನಿಂದಲೇ ಇರುವ ರಕ್ತನಾಳದ ದೋಷ ಬೇರೆ ಎಂದು ಬಾಸ್ಟನ್ನಿನ ಮಲ್ಲಿಕನ್ ಮತ್ತು ಗ್ಲೊವಾಕಿ ವಿಂಗಡಿಸಿದ್ದೇ 1982ರಲ್ಲಿ.

ಹಾಗಾಗಿ ಜಾಡು ಪ್ರಯೋಗಾಲಯದ ಪ್ರಬಂಧಗಳತ್ತ ತಿರುಗುತ್ತದೆ. ಇ-ಸೆಲೆಕ್ಟಿನ್ ಎಂಬ ಅಂಟು ಪ್ರೋಟೀನು ಉರಿಯೂತವಾದಾಗ ರಕ್ತನಾಳದ ಒಳಪದರದಲ್ಲಿ ಮೂಡಿ, ಹರಿದುಹೋಗುವ ಬಿಳಿ ರಕ್ತಕಣಗಳನ್ನು ತಡೆದು ಹಿಡಿಯುತ್ತದೆ. 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಬೆಳೆಯುತ್ತಿರುವ ಹೆಮಾಂಜಿಯೋಮಾದ ವಿಭಜನೆಯಾಗುವ ಕೋಶಗಳಲ್ಲೇ ಕಂಡಿತು. 2008ರಲ್ಲಿ ಇನ್ನೊಂದು ಎಳೆ: ರಕ್ತನಾಳ ಬೆಳೆಸುವ ಸಂಕೇತಕ್ಕೆ ಕಡಿವಾಣ ಹಾಕುವ ಗ್ರಾಹಕ ಈ ಕೋಶಗಳಲ್ಲಿ ಕಡಿಮೆ, ಅದರ ಹಿಂದಿನ ತೊಡಕಿನಲ್ಲಿ ಕೋಶವನ್ನು ಆಧಾರಕ್ಕೆ ಕಟ್ಟುವ ಇಂಟೆಗ್ರಿನ್ನಿನ ಪಾಲೂ ಇದೆ. ಅಂಟು ಎಂದ ಮಾತ್ರಕ್ಕೆ ಬರೀ ಅಂಟಲ್ಲ, ಬೆಳೆ ಅಥವಾ ನಿಲ್ಲು ಎಂಬ ಅಪ್ಪಣೆಯೂ ಅದರ ಮೂಲಕವೇ ಸಾಗುತ್ತದೆ. ನನಗೆ ಈ ಹುಡುಕಾಟದ ತಿರುಳು ಇದೇ.

ಅದೇ 2008ರಲ್ಲಿ ಫ್ರಾನ್ಸಿನ ಬೋರ್ಡೊ ವೈದ್ಯರು, ಹೃದಯದ ತೊಂದರೆಗೆ ಪ್ರೊಪ್ರಾನೊಲೊಲ್ ಕೊಟ್ಟ ಮಗುವಿನ ಗಂಟು ಇಳಿದದ್ದನ್ನು ಅಕಸ್ಮಾತ್ತಾಗಿ ಕಂಡರು. 2015ರ ಪ್ರಯೋಗದಲ್ಲಿ ಆರು ತಿಂಗಳ ಚಿಕಿತ್ಸೆಗೆ ಶೇ. 60 ಮಕ್ಕಳಲ್ಲಿ ಗಂಟು ಪೂರ್ತಿ ಅಥವಾ ಬಹುತೇಕ ಕರಗಿತು. ಹುಸಿಮದ್ದು ಪಡೆದವರಲ್ಲಿ ಶೇ. 4.

ಆದರೆ ಗಂಟು ಕಾಯುವುದಿಲ್ಲ. ಅದು ಅತಿ ವೇಗವಾಗಿ ಉಬ್ಬುವುದು ಐದೂವರೆಯಿಂದ ಏಳೂವರೆ ವಾರಗಳ ನಡುವೆ ಎಂದು 2012ರ ಅಧ್ಯಯನ ಹೇಳುತ್ತದೆ. ಕಣಕುಂಬಿಯಿರಲಿ, ಜಾಂಬೋಟಿಯಿರಲಿ, ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬ ನಿಯಮವಿದೆ. ಯಾವ ವಹಿಯೂ ಹಿಡಿಯದ ಗಂಟು ಕಣ್ಣಿಗೆ ಬೀಳುವುದು ಈ ಭೇಟಿಗಳಲ್ಲೇ. 28ನೇ ದಿನ ಮಗುವಿನ ಮೈ ಬಿಚ್ಚಿ ನೋಡಿ. ಕಣ್ಣು, ಮೂಗು, ತುಟಿಯ ಹತ್ತಿರ ಕೆಂಪು ಚುಕ್ಕೆ ಕಂಡರೆ ತಾಯಿ ಕಾರ್ಡಿನಲ್ಲಿ ಬರೆದು, ಅದೇ ವಾರ ಬೆಳಗಾವಿಯ ಮಕ್ಕಳ ವೈದ್ಯರಲ್ಲಿಗೆ ಕಳಿಸಿ.