ಚೇಳುಮೀನಿನ ಶ್ವಾಸಲಯ

ಭಾರತದ ಕೆರೆ, ಜೌಗು, ಗದ್ದೆಗಳಲ್ಲಿ ವಾಸಿಸುವ, 1794ರಲ್ಲಿ ಜರ್ಮನ್ ವಿಜ್ಞಾನಿ ಬ್ಲಾಕ್ ಮೊದಲಿಗೆ ವರ್ಣಿಸಿದ ಚೇಳುಮೀನು, ಕಿವಿರುಗಳಿಂದ ನೀರಿನ ಆಮ್ಲಜನಕವನ್ನು ಹೀರುವುದಲ್ಲದೆ, ಕಿವಿರುಕೋಣೆಯಿಂದ ಬಾಲದ ಕಡೆಗೆ ಚಾಚಿದ ಎರಡು ನೀಳವಾದ ವಾಯುಚೀಲಗಳ ಮೂಲಕ ಗಾಳಿಯನ್ನೂ ಸೇವಿಸುವುದು. ಹಗಲು ತಳದಲ್ಲಿ ಅಡಗಿ ವಿರಳವಾಗಿ ಮೇಲೇರುವ ಈ ನಿಶಾಚರಿ, ಕತ್ತಲಾದೊಡನೆ ಚುರುಕುಗೊಂಡು, ಸರ್ರನೆ ಮೇಲೆದ್ದು, ಮೂತಿಯನ್ನು ಕ್ಷಣಮಾತ್ರ ಹೊರಚಾಚಿ, ಗಾಳಿಯನ್ನು ಗುಟುಕರಿಸಿ, ಮರಳಿ ಮುಳುಗುವುದನ್ನು ಇರುಳಿನಲ್ಲಿ ಪದೇ ಪದೇ ಕಾಣಬಹುದು. ದ್ಯುತಿಸಂಶ್ಲೇಷಣೆ ನಿಂತ ರಾತ್ರಿಯಲ್ಲಿ ಕೆರೆಯ ಆಮ್ಲಜನಕವು ಕುಗ್ಗುತ್ತ ಮುಂಜಾವದ ಹೊತ್ತಿಗೆ ಕನಿಷ್ಠಕ್ಕಿಳಿಯುವುದು ಇದಕ್ಕೊಂದು ಕಾರಣವಾದರೂ, ಅದೊಂದನ್ನೇ ಕಾರಣವೆನ್ನುವುದು ಸರಿಯಲ್ಲ; ಸತತ ಕತ್ತಲೆಯಲ್ಲಿರಿಸಿದಾಗಲೂ ಸುಮಾರು 24 ಗಂಟೆಗಳ ಆವರ್ತವು ಉಳಿಯುವುದರಿಂದ, ಲಯದ ಮೂಲವು ಜೀವಿಯ ಅಂತರಂಗದಲ್ಲಿಯೇ ಇದೆಯೆಂದು ತಿಳಿಯಬೇಕು. ಆಮ್ಲಜನಕವಿರಳವಾದ ನೀರಿನಲ್ಲಿ ಮೇಲ್ಮೈಗೆ ಬಾರದಂತೆ ತಡೆದರೆ ಈ ಮೀನು ಉಸಿರುಗಟ್ಟಿ ಸಾಯುವುದು.