ಕ್ಯಾಲೆಂಡರ್ ಕ್ಲೌಡ್‌ನಲ್ಲಿದ್ದರೆ ಬ್ಯಾಕಪ್ ಬೇಕಿಲ್ಲವೇ? ನಿಜಾಂಶ ಏನು?

‘ಫೋನಿನ ಕ್ಯಾಲೆಂಡರ್ ತಾನಾಗಿಯೇ ಗೂಗಲ್‌ನಲ್ಲಿ ಸೇವ್ ಆಗುತ್ತದೆ, ಬೇರೆ ಬ್ಯಾಕಪ್ ಬೇಡ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ.

ಮೂಡಲಗಿ, ಗೋಕಾಕ ಕಡೆಯ ಮನೆಗಳಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಎಮ್ಮೆ ಗಬ್ಬವಾದ ದಿನ ಎಲ್ಲವನ್ನೂ ಗೋಡೆ ಕ್ಯಾಲೆಂಡರಿನ ಚೌಕದಲ್ಲೇ ಗುರುತು ಹಾಕುತ್ತಿದ್ದರು. ವರ್ಷ ಮುಗಿದರೂ ಅದು ಮೊಳೆಗೆ ನೇತಾಡುತ್ತಲೇ ಇರುತ್ತಿತ್ತು. ಈಗ ಆ ಗುರುತುಗಳು ಫೋನಿಗೆ ಬಂದಿವೆ. ಎಮ್ಮೆ ಈಯಲು ಸುಮಾರು 310 ದಿನ ಬೇಕು. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ. ಮಗುವಿಗೆ ದಡಾರ-ರುಬೆಲ್ಲಾ ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳ ನಡುವೆ. ಇವು ನೆನಪಿನ ಮೇಲೆ ಬಿಡುವ ದಿನಾಂಕಗಳಲ್ಲ.

ಸಿಂಕ್ ಬೇರೆ, ಬ್ಯಾಕಪ್ ಬೇರೆ

ಸಿಂಕ್ ಎಂದರೆ ಕನ್ನಡಿಯಿದ್ದಂತೆ. ಫೋನಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲಿ ಕಾಣುತ್ತದೆ, ಫೋನಿನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಆಟವಾಡುತ್ತಾ ಮಗು ಒಂದು ನಮೂದು ಡಿಲೀಟ್ ಮಾಡಿದರೆ ಗೂಗಲ್ ಅದನ್ನು ಸುಮಾರು 30 ದಿನ ಮಾತ್ರ ಕಸದ ಬುಟ್ಟಿಯಲ್ಲಿ ಇಡುತ್ತದೆ. ಆಮೇಲೆ ಸಿಗದು.

ಇನ್ನೂ ಎರಡು ಕಡೆ ಜನ ಎಡವುತ್ತಾರೆ. ಕೆಲವು ಫೋನುಗಳಲ್ಲಿ ಹೊಸ ನಮೂದು ಗೂಗಲ್ ಖಾತೆಗೆ ಹೋಗದೆ ‘ಫೋನ್’ ಅಥವಾ ‘ಮೈ ಫೋನ್’ ಎಂಬ ಕ್ಯಾಲೆಂಡರಿಗೆ ಸೇರುತ್ತದೆ. ಅದು ಕ್ಲೌಡ್ ಮುಟ್ಟುವುದೇ ಇಲ್ಲ, ಫೋನ್ ಹೋದರೆ ಅದೂ ಹೋಯಿತು. ನಮೂದನ್ನು ತೆರೆದು ಯಾವ ಖಾತೆಯ ಹೆಸರಿದೆ ಎಂದು ಈಗಲೇ ನೋಡಿ. ಎರಡನೆಯದು, ಹೊಸ ಫೋನ್ ಕೊಂಡಾಗ ಅಂಗಡಿಯಲ್ಲೇ ಹೊಸ ಜಿಮೇಲ್ ತೆರೆಸಿ ಹಳೆಯದನ್ನು ಮರೆಯುವುದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅದರೊಳಗಿನ ಮಾಹಿತಿ ಸಮೇತ ಅಳಿಸಬಹುದು ಎಂದು ಗೂಗಲ್ 2023ರಲ್ಲೇ ಹೇಳಿದೆ.

ಹಾಗಾದರೆ ಮಾಡುವುದೇನು?

ಈ ಕೆಲಸ ಗೂಗಲ್ ಕ್ಯಾಲೆಂಡರಿನ ಮೊಬೈಲ್ ಆ್ಯಪ್‌ನಲ್ಲಿ ಆಗುವುದಿಲ್ಲ, ಮನೆಯ ಕಂಪ್ಯೂಟರ್ ಬೇಕು. ಬ್ರೌಸರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ, ‘ಇಂಪೋರ್ಟ್ ಆ್ಯಂಡ್ ಎಕ್ಸ್‌ಪೋರ್ಟ್’ನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿ. ಒಂದು ಜಿಪ್ ಫೈಲ್ ಇಳಿಯುತ್ತದೆ. ಅದರೊಳಗೆ ನಿಮ್ಮ ಪ್ರತಿ ಕ್ಯಾಲೆಂಡರಿಗೂ ಒಂದು ಐಸಿಎಸ್ ಫೈಲ್ ಇರುತ್ತದೆ. 1998ರಿಂದ ಇರುವ ಈ ಮಾದರಿಯನ್ನು ಗೂಗಲ್, ಆ್ಯಪಲ್, ಔಟ್‌ಲುಕ್ ಎಲ್ಲವೂ ಓದುತ್ತವೆ. ಆದ್ದರಿಂದ ಯಾವ ಕಂಪನಿ ಸೇವೆ ನಿಲ್ಲಿಸಿದರೂ ನಿಮ್ಮ ದಿನಾಂಕಗಳು ಉಳಿಯುತ್ತವೆ. ಸೇವೆ ನಿಲ್ಲುವುದೇನೂ ಊಹೆಯ ಮಾತಲ್ಲ: ವಿಂಡೋಸ್ ಜೊತೆ ಬರುತ್ತಿದ್ದ ‘ಮೇಲ್ ಮತ್ತು ಕ್ಯಾಲೆಂಡರ್’ ಆ್ಯಪ್‌ಗೆ ಮೈಕ್ರೋಸಾಫ್ಟ್ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು.

ಫೈಲ್ ಇಳಿಸಿಕೊಂಡು ಸುಮ್ಮನಾಗಬೇಡಿ, ತೆರೆದು ನೋಡಿ. ಉಚಿತವಾಗಿ ಸಿಗುವ ಥಂಡರ್‌ಬರ್ಡ್ ಹಾಕಿಕೊಂಡು, ಕಂಪ್ಯೂಟರಿನಲ್ಲೇ ಉಳಿಯುವ ಹೊಸ ಕ್ಯಾಲೆಂಡರ್ ಮಾಡಿ, ಐಸಿಎಸ್ ಫೈಲನ್ನು ಅದಕ್ಕೆ ಇಂಪೋರ್ಟ್ ಮಾಡಿದರೆ ಇಂಟರ್‌ನೆಟ್ ಇಲ್ಲದೆಯೂ ಎಲ್ಲ ನಮೂದು ಕಾಣುತ್ತವೆ. ಮುಂದೆ ಗೂಗಲ್‌ಗೆ ಮರಳಿ ಹಾಕುವಾಗಲೂ ಮೊದಲು ಖಾಲಿ ಕ್ಯಾಲೆಂಡರ್ ಒಂದಕ್ಕೆ ಹಾಕಿ. ತಪ್ಪಾದರೆ ಅದೊಂದನ್ನೇ ಅಳಿಸಬಹುದು. ಕಾರ್ಯಕ್ರಮಕ್ಕೆ ಆಹ್ವಾನಿಸಿದ್ದ ಅತಿಥಿಗಳ ಪಟ್ಟಿ ಮಾತ್ರ ಮರಳಿ ಬರುವುದಿಲ್ಲ.

ಒಂದು ಎಚ್ಚರಿಕೆ: ಐಸಿಎಸ್ ಫೈಲಿಗೆ ಪಾಸ್‌ವರ್ಡ್ ಇರುವುದಿಲ್ಲ, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಆಸ್ಪತ್ರೆ, ಬ್ಯಾಂಕ್, ಊರಿಗೆ ಹೋಗುವ ದಿನ ಎಲ್ಲವೂ ಓದಲು ಸಿಗುತ್ತವೆ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ವಸ್ತು ಅದಲ್ಲ.

ತಿಂಗಳಿಗೊಮ್ಮೆ ಮಾಡಿದರೆ ಸಾಕು. ಫೈಲ್ ಹೆಸರಿನಲ್ಲಿ ದಿನಾಂಕ ಇರಲಿ, ಹಳೆಯ ಎರಡು ಮೂರು ಪ್ರತಿ ಉಳಿಸಿ. ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ, ಆದರೆ ಅದೇ ಕಂಪ್ಯೂಟರ್ ಟೇಬಲ್ಲಿನ ಡ್ರಾಯರ್‌ನಲ್ಲಿ ಬೇಡ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ನದಿ ದಂಡೆಯ ಮನೆಗಳಲ್ಲಿ ನೀರು ಒಂದು ವಸ್ತು ಬಿಟ್ಟು ಇನ್ನೊಂದನ್ನು ಮುಟ್ಟಲಿಲ್ಲ ಎನ್ನುವಂತಿರಲಿಲ್ಲ. ಬೇರೆ ಊರಲ್ಲಿರುವ ಅಕ್ಕನ ಮನೆಯೋ ತಮ್ಮನ ಮನೆಯೋ ಅದಕ್ಕೆ ಸರಿಯಾದ ಜಾಗ.